ಕಂತು ನಮ್ಮದಾದರೆ ಆಯಿಲ್ ಕಡ್ಡಿಯನ್ನೂ ನಾವೇ ನೋಡೋಣ

(ಸ್ವಸಹಾಯ ಸಂಘಗಳ ವಲಯ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಇವತ್ತಿನ ವಿಷಯ ಮೋಟಾರ್ ಸೈಕಲಿನ ಎಂಜಿನ್ ಆಯಿಲ್ ಎಂದು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. "ಸಿಸ್ಟರೇ, ಅದು ಗಂಡಸರ ಕೆಲಸ ಅಲ್ವಾ?" ಅಂತ ಒಬ್ಬರು ಕೇಳಿಯೂ ಬಿಟ್ಟರು. ಕೇಳಿದ್ದು ಒಳ್ಳೆಯದೇ ಆಯಿತು. ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ, ನಿಮ್ಮ ನಿಮ್ಮ ಸಂಘದ ಸಾಲದ ಪುಸ್ತಕ ತೆರೆದು ನೋಡಿದರೆ ಸಾಕು. ಹಸು, ಮನೆ ರಿಪೇರಿ, ಮಕ್ಕಳ ಫೀಸು, ಆಸ್ಪತ್ರೆ ಖರ್ಚು, ಇವುಗಳ ಜತೆಗೆ ಈಗ ಬೈಕು, ಸ್ಕೂಟರುಗಳೂ ಸೇರಿಕೊಂಡಿವೆ. ಗಾಡಿಯ ಆರ್.ಸಿ. ಇರುವುದು ಯಜಮಾನರ ಹೆಸರಿನಲ್ಲಿ, ಇಲ್ಲವೇ ಮಗನ ಹೆಸರಿನಲ್ಲಿ. ಓಡಿಸುವವರೂ ಅವರೇ. ಕಂತು ಕಟ್ಟುವವರು ಮಾತ್ರ ನೀವು. ಗಾಡಿ ನಿಂತು ಹೋದರೂ ಕಂತು ನಿಲ್ಲುವುದಿಲ್ಲ.

ನಾವು ಭೇಟಿ ಕೊಟ್ಟ ಒಂದು ಸಂಘದಲ್ಲಿ ಹೀಗೇ ಆಯಿತು. ಸದಸ್ಯೆಯೊಬ್ಬರು ಸಂಘದಿಂದ ಸಾಲ ತೆಗೆದು ಮಗನಿಗೆ ಹಳೆಯ ಬೈಕ್ ಕೊಡಿಸಿದ್ದರು. ಬೆಳಿಗ್ಗೆ ಮೂರು ಮನೆಯ ಹಾಲು ಡೇರಿಗೆ, ಬರುವಾಗ ಹಿಂಡಿ ಮೂಟೆ, ಮಧ್ಯಾಹ್ನದ ಮೇಲೆ ಪೇಟೆಯಲ್ಲಿ ಕೆಲಸ. ಹುಡುಗ ಪೆಟ್ರೋಲ್ ತಪ್ಪದೆ ಹಾಕುತ್ತಿದ್ದ, ಭಾನುವಾರ ಭಾನುವಾರ ಗಾಡಿಯನ್ನು ತೊಳೆದು ಫಳಫಳ ಮಾಡುತ್ತಿದ್ದ. ಆಯಿಲ್ ಕಡ್ಡಿ ತೆಗೆದು ನೋಡಿದವರು ಮಾತ್ರ ಯಾರೂ ಇಲ್ಲ. ಒಂದು ದಿನ ಏರಿನಲ್ಲಿ ಎಂಜಿನ್ ಕರಕರ ಎಂದು ಸದ್ದು ಮಾಡಿ ಹಿಡಿದುಕೊಂಡಿತು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಒಳಗೆ ಒಂದು ಲೋಟ ಆಯಿಲೂ ಇಲ್ಲ, ಇದ್ದದ್ದು ಗಟ್ಟಿ ಕರಿ ಕೆಸರು. ಸಿಲಿಂಡರ್, ಪಿಸ್ಟನ್ ಎರಡೂ ಹೋಗಿದ್ದವು. ಹೊಸ ಆಯಿಲಿಗೆ ನಾನ್ನೂರು ರೂಪಾಯಿ ಆಸುಪಾಸು ಆಗುತ್ತಿತ್ತು. ಈಗ ಸಾವಿರಗಟ್ಟಲೆ ಬಿಲ್ಲು. ಅದು ಸಾಲದೆಂದು ಹದಿನೈದು ದಿನ ಹಾಲು ಸಾಗಿಸಲು ಆಟೋ ಬಾಡಿಗೆ ಬೇರೆ. ಆ ತಾಯಿ ಆ ತಿಂಗಳ ಕಂತನ್ನು ಕೋಳಿ ಮಾರಿ ಕಟ್ಟಿದರು. ಆದ್ದರಿಂದ ಇದು ಗಂಡಸರ ಕೆಲಸ ಅಂತ ನಾವು ಒಪ್ಪುವುದಿಲ್ಲ.

ಈ ಆಯಿಲ್ ಏನು ಮಾಡುತ್ತದೆ? ನಿಮ್ಮಲ್ಲಿ ಹೊಲಿಗೆ ಕಲಿತವರು ತುಂಬಾ ಜನ ಇದ್ದೀರಿ. ಮೆಷಿನ್ನಿಗೆ ಎಣ್ಣೆ ಬಿಡದಿದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬೈಕಿನ ಎಂಜಿನ್ ಸುಮ್ಮನೆ ನಿಂತು ಓಡುವಾಗಲೇ ನಿಮಿಷಕ್ಕೆ ಸಾವಿರಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ, ರಸ್ತೆಯಲ್ಲಿ ಅದರ ಎಷ್ಟೋ ಪಟ್ಟು. ಕಬ್ಬಿಣಕ್ಕೆ ಕಬ್ಬಿಣ ಉಜ್ಜದ ಹಾಗೆ ನಡುವೆ ತೆಳ್ಳಗೆ ನಿಲ್ಲುವುದು ಈ ಆಯಿಲ್. ನಮ್ಮ ಸಣ್ಣ ಬೈಕುಗಳಲ್ಲಿ ಎಂಜಿನ್ನನ್ನು ತಂಪು ಮಾಡಲು ಕಾರಿನ ಹಾಗೆ ನೀರಿಲ್ಲ. ಗಾಳಿ ಮತ್ತು ಈ ಆಯಿಲ್, ಎರಡೇ. ಮಸಿಯನ್ನೂ ಲೋಹದ ಪುಡಿಯನ್ನೂ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದೂ ಇದೇ. ಅದಕ್ಕೇ ಜೇನಿನ ಬಣ್ಣದಲ್ಲಿ ಹೋದದ್ದು ಕಪ್ಪಾಗಿ ಬರುತ್ತದೆ. ಕಪ್ಪಾದ ಕೂಡಲೇ ಕೆಟ್ಟಿತು ಅಂತ ಅಲ್ಲ, ಅದು ಕೆಲಸ ಮಾಡಿದೆ ಅಂತ ಅರ್ಥ. ಆದರೆ ಹಪ್ಪಳ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಹೇಗೆ ಕಮಟಾಗಿ ಅಂಟಂಟಾಗುತ್ತದೆಯೋ, ಇದಕ್ಕೂ ಹಾಗೆ ಒಂದು ಆಯಸ್ಸು ಇದೆ.

ಇನ್ನೊಂದು ಮಾತು. ಪೆಟ್ರೋಲ್ ಮುಗಿದರೆ ಗಾಡಿ ತಾನೇ ನಿಲ್ಲುತ್ತದೆ. ಮುಳ್ಳೂ ಕೆಳಗಿಳಿದು ತೋರಿಸುತ್ತದೆ. ಆಯಿಲ್ ಕಡಿಮೆಯಾದರೆ ಹೇಳಲು ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಯಾವ ದೀಪವೂ ಇಲ್ಲ. ಎಂಜಿನ್ ಓಡುವಾಗ ಸ್ವಲ್ಪ ಸ್ವಲ್ಪ ಆಯಿಲ್ ಸುಟ್ಟು ಹೋಗುತ್ತಲೇ ಇರುತ್ತದೆ, ಹಳೆಯ ಎಂಜಿನ್ನಿನಲ್ಲಿ ಇನ್ನೂ ಜಾಸ್ತಿ. "ಸರ್ವಿಸ್‌ನಲ್ಲಿ ಹಾಕಿಸಿದ್ದೇವಲ್ಲ" ಅನ್ನುವವರ ಗಾಡಿಯೇ ಮುಂದಿನ ಸರ್ವಿಸ್ ಬರುವ ಮೊದಲು ಒಣಗಿರುತ್ತದೆ. ಕಣ್ಣಿನಿಂದ ನೋಡದೆ ಗೊತ್ತಾಗುವ ದಾರಿ ಬೇರೆ ಇಲ್ಲ.

ನೋಡುವುದು ಬಹಳ ಸುಲಭ. ಅನ್ನ ಬೆಂದಿದೆಯಾ ಎಂದು ನೋಡುವಷ್ಟು ಹೊತ್ತು ಸಾಕು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಡುವಿನ ಸ್ಟ್ಯಾಂಡಿಗೆ ಹಾಕಿ. ಸೈಡ್ ಸ್ಟ್ಯಾಂಡಿಗೆ ಹಾಕಿದರೆ ಗಾಡಿ ವಾಲಿ ಲೆಕ್ಕ ತಪ್ಪುತ್ತದೆ. ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಎರಡು ಮೂರು ನಿಮಿಷ ಸುಮ್ಮನಿರಿ. ಮೇಲೆ ಹೋದ ಆಯಿಲ್ ಕೆಳಗೆ ಇಳಿಯಬೇಕು. ಸ್ಪ್ಲೆಂಡರ್‌ನಂತಹ ಬೈಕಿನಲ್ಲಿ, ಸೀಟಿನ ಮೇಲೆ ಕೂತವರ ಬಲಗಾಲಿನ ಕಡೆ, ಎಂಜಿನ್ನಿನ ಕೆಳಭಾಗದಲ್ಲಿ ಒಂದು ಕಪ್ಪು ಮುಚ್ಚಳ ಇದೆ. ತಿರುಗಿಸಿ ತೆಗೆದರೆ ಮುಚ್ಚಳದ ಜತೆಗೇ ಒಂದು ಕಡ್ಡಿ ಬರುತ್ತದೆ. ಅದನ್ನು ಶುದ್ಧ ಬಟ್ಟೆಯಲ್ಲಿ ಒರೆಸಿ ಮತ್ತೆ ಒಳಗೆ ಇಳಿಸಿ. ಇಲ್ಲಿ ಗಮನ ಇರಲಿ: ಹೀರೋ, ಹೋಂಡಾ ಗಾಡಿಗಳಲ್ಲಿ ನೋಡುವಾಗ ಮುಚ್ಚಳವನ್ನು ತಿರುಗಿಸಬಾರದು, ಸುಮ್ಮನೆ ಇಳಿಸಿ ಕೂರಿಸಿ ತೆಗೆಯಬೇಕು. ತಿರುಗಿಸಿ ಬಿಗಿ ಮಾಡಿದರೆ ಕಡ್ಡಿ ಆಳಕ್ಕೆ ಇಳಿದು ಆಯಿಲ್ ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಎಷ್ಟೋ ಗಂಡಸರಿಗೂ ಇದು ಗೊತ್ತಿಲ್ಲ!

ಕಡ್ಡಿಯ ತುದಿಯಲ್ಲಿ ಎರಡು ಗುರುತು ಇವೆ. ಆಯಿಲಿನ ಒದ್ದೆ ಆ ಎರಡರ ನಡುವೆ ಇದ್ದರೆ ನಿಶ್ಚಿಂತೆ. ಕೆಳಗಿನ ಗುರುತಿಗೆ ಹತ್ತಿರ ಬಂದರೆ ಅದೇ ಜಾತಿಯ ಆಯಿಲನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಮತ್ತೆ ಮತ್ತೆ ನೋಡಬೇಕು. ಮೇಲಿನ ಗುರುತು ದಾಟಿಸಬೇಡಿ. ಜಾಸ್ತಿ ಹಾಕಿದರೆ ಒಳ್ಳೆಯದು ಎಂಬುದು ಸುಳ್ಳು. ಆಯಿಲ್ ನೊರೆಯೇಳುತ್ತದೆ, ಸೀಲುಗಳಿಂದ ಒಸರುತ್ತದೆ, ಏರ್ ಫಿಲ್ಟರಿಗೂ ನುಗ್ಗಬಹುದು. ಕೆಲವು ಬೈಕುಗಳಲ್ಲಿ ಕಡ್ಡಿಯ ಬದಲು ಎಂಜಿನ್ನಿನ ಬದಿಯಲ್ಲಿ ಸಣ್ಣ ಗಾಜಿನ ಕಿಟಕಿ ಇರುತ್ತದೆ. ಅದರಲ್ಲಿ ಹೊರಗಿನಿಂದಲೇ ಕಾಣುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು, ಹಳೆಯ ಗಾಡಿಯಾದರೆ ವಾರಕ್ಕೊಮ್ಮೆ. ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ. ಸೈಲೆನ್ಸರ್ ಬಿಸಿ ಇರುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಕಡ್ಡಿಯಲ್ಲಿ ಬಂದ ಆಯಿಲ್ ಹಾಲು ಕಾಫಿಯ ಬಣ್ಣದಲ್ಲಿದ್ದರೆ ನೀರು ಸೇರಿದೆ ಎಂದು ತಿಳಿಯಿರಿ. ನಮ್ಮ ಕಡೆ ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿಸಿದ ಗಾಡಿಗಳಿಗೆ ಹೀಗಾಗುತ್ತದೆ. ಆಗ ಓಡಿಸದೆ ಮೊದಲು ಮೆಕ್ಯಾನಿಕ್ಕಿಗೆ ತೋರಿಸಬೇಕು. ಸೈಲೆನ್ಸರಿನಿಂದ ಬರುವ ಹೊಗೆ ನೀಲಿಯಾಗಿದ್ದರೆ ಆಯಿಲ್ ಒಳಗೆ ಸುಡುತ್ತಿದೆ. ಗಾಡಿ ನಿಲ್ಲಿಸಿದ ಜಾಗದ ನೆಲದಲ್ಲಿ ಎಣ್ಣೆ ಕಲೆ ಬಿದ್ದಿದೆಯೇ ಎಂಬುದನ್ನು ಅಂಗಳ ಗುಡಿಸುವವರಾದ ನಾವೇ ಮೊದಲು ನೋಡುತ್ತೇವೆ ಅಲ್ಲವೇ?

ಬದಲಾಯಿಸುವುದು ಯಾವಾಗ? ಗಾಡಿಯ ಜತೆ ಬಂದ ಪುಸ್ತಕದಲ್ಲಿ ಇದೆ. ಆ ಪುಸ್ತಕವನ್ನು ಸೀಟಿನ ಅಡಿಯಲ್ಲಿ ಇಲಿ ತಿನ್ನಲು ಬಿಡಬೇಡಿ, ಪಾಸ್‌ಬುಕ್ಕಿನ ಜತೆ ಇಡಿ. ಹೊಸ ಗಾಡಿಯ ಮೊದಲ ಬದಲಾವಣೆ ಬಹಳ ಮುಖ್ಯ. ಹೊಸ ಲೋಹ ಸವೆದ ಪುಡಿ ಆಗ ಜಾಸ್ತಿ ಇರುತ್ತದೆ. ಆ ಮೊದಲ ಉಚಿತ ಸರ್ವಿಸ್ ತಪ್ಪಿಸಬೇಡಿ. ಆಮೇಲೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ, ಇಲ್ಲವೇ ತಿಂಗಳ ಲೆಕ್ಕ, ಯಾವುದು ಮೊದಲು ಬರುತ್ತದೋ ಅದು. ಆ ಲೆಕ್ಕ ಒಳ್ಳೆಯ ರಸ್ತೆಗೆ ಹೇಳಿದ್ದು. ಆಗುಂಬೆ ಘಾಟಿಯ 14 ತಿರುವುಗಳನ್ನು ಹೊರೆ ಹೊತ್ತು ಹತ್ತುವ ಗಾಡಿಗೂ, ಮಣ್ಣು ರಸ್ತೆಯ ಧೂಳು ಕುಡಿಯುವ ಗಾಡಿಗೂ ಸ್ವಲ್ಪ ಬೇಗನೇ ಬದಲಾಯಿಸುವುದು ಲೇಸು.

ಯಾವ ಆಯಿಲ್ ಎನ್ನುವುದರಲ್ಲೇ ಮೋಸ, ಗೊಂದಲ ಎರಡೂ ಹೆಚ್ಚು. ಡಬ್ಬದ ಮೇಲೆ 10ಡಬ್ಲ್ಯೂ-30, 20ಡಬ್ಲ್ಯೂ-40 ಎಂದು ಇರುತ್ತದೆ. ಇದು ಆಯಿಲಿನ ಮಂದ, ತೆಳುವಿನ ಲೆಕ್ಕ. ಪುಸ್ತಕದಲ್ಲಿ ಹೇಳಿದ್ದೇ ಹಾಕಿ. ಗೇರ್ ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಸಾಮಾನ್ಯವಾಗಿ ಇದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿದರೆ ಕ್ಲಚ್ ಜಾರಬಹುದು. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬೈಕಿನ ಡಬ್ಬದ ಮೇಲೆ ಜಾಸೋ ಎಂಎ ಎಂಬ ಗುರುತು ಇದೆಯೇ ನೋಡಿ. ಗೇರಿಲ್ಲದ ಸ್ಕೂಟರಿಗೆ ಎಂಬಿ ಎಂಬ ಬೇರೆ ಗುರುತಿನದ್ದು ಬರುತ್ತದೆ. ಒಂದರದ್ದು ಇನ್ನೊಂದಕ್ಕೆ ಬೇಡ.

ಟಿವಿಎಸ್ ಎಕ್ಸ್‌ಎಲ್ ಇರುವ ಮನೆಯವರು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಳೆಯ ಎಕ್ಸ್‌ಎಲ್ ಸೂಪರ್ ಟೂ ಸ್ಟ್ರೋಕ್. ಅದಕ್ಕೆ ಬಂಕಿನಲ್ಲಿ ಪೆಟ್ರೋಲಿನ ಜತೆಗೇ 2ಟಿ ಆಯಿಲ್ ಬೆರೆಸಿ ಹಾಕಿಸುತ್ತಿದ್ದೆವು. 2015ರಲ್ಲಿ ಬಂದ ಎಕ್ಸ್‌ಎಲ್ 100 ನೋಡಲು ಅದರ ತಂಗಿಯ ಹಾಗೇ ಇದ್ದರೂ ಫೋರ್ ಸ್ಟ್ರೋಕ್. ಇದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು, ಎಂಜಿನ್ನಿನ ಒಳಗೆ ಬೇರೆಯೇ ಹಾಕಬೇಕು. ಹಳೆಯ ಅಭ್ಯಾಸದಲ್ಲಿ 2ಟಿ ಹಾಕಿಸಿಕೊಂಡು, ಎಂಜಿನ್ ಆಯಿಲ್ ಮರೆತವರಿಗೆ ಎರಡು ಕಡೆಯಿಂದಲೂ ನಷ್ಟ. ಬ್ಯಾಟರಿ ಸ್ಕೂಟರಿಗೆ ಎಂಜಿನ್ನೇ ಇಲ್ಲ, ಆದ್ದರಿಂದ ಎಂಜಿನ್ ಆಯಿಲೂ ಇಲ್ಲ. ಅದರ ಕಥೆ ಇನ್ನೊಂದು ದಿನ.

ಮನೆಯಲ್ಲೇ ಬದಲಾಯಿಸಬಹುದೇ? ಬದಲಾಯಿಸಬಹುದು. ಎಂಜಿನ್ ಸ್ವಲ್ಪ ಬೆಚ್ಚಗಿರಲಿ, ಆಗ ಆಯಿಲ್ ಸಲೀಸಾಗಿ ಇಳಿಯುತ್ತದೆ. ಸುಡುವಷ್ಟು ಬಿಸಿ ಬೇಡ. ಮೇಲಿನ ಮುಚ್ಚಳ ಸಡಿಲಿಸಿ, ಎಂಜಿನ್ನಿನ ಅಡಿಗೆ ಹಳೆಯ ಬೇಸಿನ್ ಇಟ್ಟು, ಅಡಿಯ ಬೋಲ್ಟನ್ನು ಸರಿಯಾದ ಸ್ಪ್ಯಾನರಿನಿಂದ ಬಿಚ್ಚಿ. ಪೂರಾ ಇಳಿದ ಮೇಲೆ ಕೀ ಆಫ್ ಇಟ್ಟು ಮೂರ್ನಾಲ್ಕು ಸಲ ಕಿಕ್ ಮಾಡಿದರೆ ಉಳಿದದ್ದೂ ಬರುತ್ತದೆ. ಬೋಲ್ಟಿನ ವಾಷರ್ ಸವೆದಿದ್ದರೆ ಹೊಸದು ಹಾಕಿ, ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಹಿತವಾಗಿ ಬಿಗಿ ಮಾಡಿ. ಎಂಜಿನ್ನಿನ ಮೈ ಅಲ್ಯೂಮಿನಿಯಂ. ಶಕ್ತಿ ಇದೆಯೆಂದು ಹಾಕಿ ತಿರುವಿದರೆ ಮರೆ ಹೋಗುತ್ತದೆ, ಅದನ್ನು ಸರಿಮಾಡಲು ಮತ್ತೆ ಲೇತ್ ಅಂಗಡಿಗೆ ಓಡಬೇಕು. ಪುಸ್ತಕದಲ್ಲಿ ಹೇಳಿದ ಅಳತೆಯ ಆಯಿಲ್ ಹಾಕಿ, ಮುಚ್ಚಿ, ಎಂಜಿನ್ ಓಡಿಸಿ, ನಿಲ್ಲಿಸಿ, ಮತ್ತೆ ಕಡ್ಡಿ ನೋಡಿ. ಸಣ್ಣ ಬೈಕುಗಳಿಗೆ ಹೆಚ್ಚಾಗಿ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆಯೇ ಹಿಡಿಯುತ್ತದೆ. ಡಬ್ಬ ಒಂದು ಲೀಟರಿನದ್ದು ಎಂದು ಪೂರಾ ಸುರಿಯಬೇಡಿ. ಫಿಲ್ಟರ್, ಜಾಲರಿ ಶುದ್ಧ ಮಾಡುವುದನ್ನು ಮೆಕ್ಯಾನಿಕ್ಕಿಗೇ ಬಿಡೋಣ.

ಮೆಕ್ಯಾನಿಕ್ಕಿನ ಹತ್ತಿರ ಮಾಡಿಸುವುದಾದರೆ ಎದುರಿಗೆ ನಿಂತು ಮಾಡಿಸಿ. ಡಬ್ಬದ ಸೀಲು ನಿಮ್ಮ ಕಣ್ಣೆದುರೇ ಒಡೆಯಲಿ, ಬಿಲ್ಲು ಕೇಳಿ. ಖಾಲಿ ಡಬ್ಬವನ್ನು ಕೇಳಿ ಪಡೆದು ತೂತು ಮಾಡಿಬಿಡಿ. ಒಳ್ಳೆಯ ಕಂಪನಿಯ ಖಾಲಿ ಡಬ್ಬಕ್ಕೆ ಕಳಪೆ ಆಯಿಲ್ ತುಂಬಿ ಮಾರುವವರು ಇದ್ದಾರೆ. ಎದುರಿಗೆ ನಿಂತರೆ ಮೆಕ್ಯಾನಿಕ್‌ಗೆ ಬೇಜಾರಾಗುತ್ತದೆ ಅಂತ ಹಿಂಜರಿಯಬೇಡಿ. ಒಳ್ಳೆಯ ಕೆಲಸಗಾರ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಳೆಯ ಆಯಿಲ್ ಬಗ್ಗೆ ನಮಗೆ ನಿಜವಾಗಿಯೂ ಚಿಂತೆ ಇದೆ. ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ, ಸೊಳ್ಳೆಗೆ ಅಂತ ನಿಂತ ನೀರಿಗೆ, ಹುಳ ಬಿದ್ದ ಗಾಯಕ್ಕೆ ಅಂತ ದನದ ಮೈಗೆ ಹಚ್ಚುವುದನ್ನು ನಾವು ಕಂಡಿದ್ದೇವೆ. ಬೇಡ. ಅದರಲ್ಲಿ ಲೋಹದ ಪುಡಿ, ಸುಟ್ಟ ವಿಷ ಎಲ್ಲಾ ಸೇರಿರುತ್ತದೆ. ಪದೇ ಪದೇ ಚರ್ಮಕ್ಕೆ ತಾಗಿದರೆ ಕ್ಯಾನ್ಸರಿನ ಅಪಾಯ ಇದೆ. ಮಣ್ಣಿಗೆ ಚೆಲ್ಲಿದ್ದು ಮಳೆಯ ಜತೆ ಬಾವಿಗೆ ಇಳಿಯುತ್ತದೆ. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ. ಗಟ್ಟಿ ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಹೊರಗೆ ಹೆಸರು ಬರೆದು, ಹಳೆ ಆಯಿಲ್ ಸಂಗ್ರಹಿಸಿ ಕೊಡುವ ಗ್ಯಾರೇಜಿಗೆ ಮುಟ್ಟಿಸಿ. ನೀರಿನ ಬಾಟಲಿಯಲ್ಲಿ, ಜ್ಯೂಸಿನ ಬಾಟಲಿಯಲ್ಲಿ ಮಾತ್ರ ತುಂಬಿಡಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ.

ಗಾಡಿ ಸಾಲ ಕೊಟ್ಟ ಸಂಘಗಳಿಗೆ ನಮ್ಮದೊಂದು ಸಲಹೆ. ಸಾಲದ ಪುಸ್ತಕದಲ್ಲಿ ಕಂತಿನ ಪಕ್ಕ ಇನ್ನೊಂದು ಮನೆ ಗೆರೆ ಎಳೆಯಿರಿ. ಆಯಿಲ್ ಬದಲಾಯಿಸಿದ ತಾರೀಖು, ಆಗ ಮೀಟರಿನಲ್ಲಿದ್ದ ಕಿಲೋಮೀಟರ್, ಎರಡನ್ನೂ ಬರೆಯಿರಿ. ತಿಂಗಳ ಸಭೆಯಲ್ಲಿ ಕಂತು ಕೇಳುವಾಗ ಇದನ್ನೂ ಕೇಳಿ. ಮನೆಯಲ್ಲಿ ಯಜಮಾನರು "ನಿನಗ್ಯಾಕೆ ಇದೆಲ್ಲ" ಅಂದರೆ ಜಗಳಕ್ಕೆ ಹೋಗಬೇಡಿ. "ಸಂಘದಲ್ಲಿ ಬರೆಸಬೇಕಂತೆ, ಮೀಟರ್ ಎಷ್ಟಾಯ್ತು ಹೇಳ್ರೀ" ಅಂತ ಕೇಳಿ. ಹೇಳುವ ಮೊದಲು ಅವರೂ ಒಮ್ಮೆ ಬಗ್ಗಿ ನೋಡುತ್ತಾರೆ.

ಮುಂದಿನ ಸಭೆಗೆ ಗಾಡಿಯಲ್ಲಿ ಬರುವವರು ಒಂದು ಹಳೆಯ ಹತ್ತಿ ಬಟ್ಟೆ ಮತ್ತು ಗಾಡಿಯ ಪುಸ್ತಕ ತನ್ನಿ. ಊಟಕ್ಕೆ ಮೊದಲು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೇ ಕಡ್ಡಿ ತೆಗೆದು ನೋಡೋಣ. ಮಕ್ಕಳನ್ನು ಕರೆತರುವವರು ಅವರನ್ನು ಒಳಗೆ ಬಾಲವಾಡಿ ಟೀಚರ ಹತ್ತಿರ ಬಿಟ್ಟು ಬನ್ನಿ.