ಕೊಟ್ಟಿಗೆ ಕಾಯುವ ನಾಯಿ

(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಹಿಂಡಿ, ಹುಲ್ಲು, ಹಾಲಿನ ದರ ಇವುಗಳ ಬಗ್ಗೆ ಬಲ್ಲವರು ಆಗಲೇ ಮಾತಾಡಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ನಾನು ಹೇಳುವುದು ನಾಯಿಯ ವಿಷಯ. ನಗಬೇಡಿ. ಸಾಲ ತೆಗೆದು ತಂದ ಹಸುವಿಗೆ ರಾತ್ರಿ ಕಾವಲು ಯಾರು? ನಾವಂತೂ ಮಲಗಿರ್ತೇವೆ.

2011ರ ಮಳೆಗಾಲ. ನಮ್ಮಲ್ಲಿ ಕರಿಯ ಅಂತ ಒಂದು ಊರುನಾಯಿ ಇತ್ತು. ಹಗಲು ದನಗಳ ಸಂಗಡ ಬೆಟ್ಟಕ್ಕೆ ಹೋಗಿ ಸಂಜೆ ಅವುಗಳ ಸಂಗಡವೇ ಬರುತ್ತಿತ್ತು. ಕರು ಹಿಂದೆ ಉಳಿದರೆ ತಾನೂ ಉಳಿಯುತ್ತಿತ್ತು. ರಾತ್ರಿ ಕೋಳಿಗೆ ಹೋಗುತ್ತದೆ ಎಂದು ನೆರೆಮನೆಯಿಂದ ದೂರು ಬಂತು. ಕೊಟ್ಟಿಗೆಯ ಹೊರಗಿನ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದೆ. ಎಂಟು ದಿನವೂ ಆಗಲಿಲ್ಲ. ಜೋರು ಮಳೆ, ಕರೆಂಟಿಲ್ಲ. ಎರಡು ಸಲ ಬೊಗಳಿದ್ದು ಕೇಳಿತು. ಈ ಮಳೆಯಲ್ಲಿ ಯಾರು ಏಳೋದು ಎಂದು ಕಂಬಳಿ ಎಳೆದುಕೊಂಡೆ. ಬೆಳಿಗ್ಗೆ ನೋಡಿದರೆ ಸರಪಳಿ ಇತ್ತು, ಹರಿದ ಪಟ್ಟಿ ಇತ್ತು, ಕೆಸರಿನಲ್ಲಿ ಚಿರತೆಯ ಹೆಜ್ಜೆ ಇತ್ತು. ದನಗಳಿಗೆ ಏನೂ ಆಗಿರಲಿಲ್ಲ. ಚಿರತೆಯನ್ನು ಬೈದು ಏನು ಮಾಡೋದು? ಓಡದಂತೆ ಕಟ್ಟಿದವನು ನಾನು. ಅವ್ವ ಎರಡು ದಿನ ನನ್ನ ಸಂಗಡ ಮಾತಾಡಲಿಲ್ಲ.

ಆಮೇಲೆ ಯಲ್ಲಾಪುರ ಕಡೆಯ ಗೌಳಿಗರನ್ನೂ ಬಯಲುಸೀಮೆಯ ಕುರಿಗಾರರನ್ನೂ ಸಿಕ್ಕಿದಲ್ಲೆಲ್ಲ ವಿಚಾರಿಸಿದೆ. ಕಾವಲು ನಾಯಿಯನ್ನು ಹೊಡೆದು ಕಲಿಸೋದಲ್ಲ. ಒಂದೂವರೆ-ಎರಡು ತಿಂಗಳ ಮರಿಯನ್ನು ದನ-ಕುರಿಗಳ ನಡುವೆಯೇ ಬಿಡಬೇಕು. ಅವುಗಳ ವಾಸನೆಯಲ್ಲೇ ಬೆಳೆದದ್ದು ಅವುಗಳನ್ನೇ ತನ್ನ ಬಳಗ ಅಂದುಕೊಳ್ಳುತ್ತದೆ. ಹಿಮಾಲಯದ ಕುರಿಗಾರರು ಇಂಥ ನಾಯಿಗಳ ಕುತ್ತಿಗೆಗೆ ಚಿರತೆ ಹಿಡಿಯದಂತೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುತ್ತಾರೆ. ಅಂಚೆ ಇಲಾಖೆ 2005ರಲ್ಲಿ ನಮ್ಮ ಮುಧೋಳ ನಾಯಿಯ ಜೊತೆಗೆ ಹಿಮಾಲಯದ ಕುರಿನಾಯಿಯ ಚೀಟಿಯನ್ನೂ ಹೊರಡಿಸಿದೆ. ಆಫ್ರಿಕದ ನಮೀಬಿಯಾದಲ್ಲಿ 1994ರಿಂದ ಟರ್ಕಿ ಮೂಲದ ನಾಯಿಗಳನ್ನು ರೈತರಿಗೆ ಕೊಡುತ್ತಿದ್ದಾರೆ, ಆಡು-ಕುರಿ ಉಳಿದರೆ ರೈತ ಚೀತಾವನ್ನು ಕೊಲ್ಲೋದಿಲ್ಲ ಎಂದು.

ಹಾಗಂತ ಸಾವಿರಾರು ರೂಪಾಯಿ ಕೊಟ್ಟು ಉಣ್ಣೆಮೈಯ ನಾಯಿ ತರಬೇಡಿ. ನಮ್ಮ ಸೆಕೆಗೆ ಅದು ನಾಲಿಗೆ ಚಾಚಿ ಮಲಗೀತು. ಊರುನಾಯಿಯೇ ಸಾಕು. ಆದರೆ ಒಂಟಿ ಊರುನಾಯಿ ಚಿರತೆಗೆ ಎದುರು ನಿಲ್ಲಲಾರದು. ಅದರ ಕೆಲಸ ನಮ್ಮನ್ನು ಎಬ್ಬಿಸೋದು. ರಾತ್ರಿ ಅದನ್ನು ಕೊಟ್ಟಿಗೆಯ ಒಳಗೆ ಬಿಟ್ಟು ಬಾಗಿಲು ಹಾಕಿ. ಬೊಗಳಿದರೆ ಏಳಿ. ಒಬ್ಬರೇ ಕತ್ತಲಿಗೆ ಇಳಿಯಬೇಡಿ, ಮನೆಯಿಂದಲೇ ದೀಪ ಹಾಕಿ ಗದ್ದಲ ಮಾಡಿ.

ಊಟಕ್ಕೆ ಗಂಜಿ, ಮೀನಿನ ಸಾರು ಆದೀತು, ಆದರೆ ಹೊತ್ತಿಗೆ ಸರಿಯಾಗಿ ಹಾಕಿ. ಹಸಿದ ನಾಯಿ ಕೋಳಿಗೆ ಹೋಗದೆ ಇನ್ನೇನು ಮಾಡೀತು? ಕರಿಯನ ವಿಷಯದಲ್ಲಿ ಇದು ನನಗೆ ತಡವಾಗಿ ಹೊಳೆಯಿತು. ಬೆಟ್ಟದಿಂದ ಬಂದಾಗ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ನೋಡಿ ತೆಗೆಯಿರಿ.

ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷವೂ. ಈ ರೋಗ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ದನವಾಗಲಿ ಬದುಕೋದಿಲ್ಲ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ ಮೆತ್ತಿ ಮನೆಯಲ್ಲಿ ಕೂರಬೇಡಿ. ಸಂಘದ ಅಂಗಳದಲ್ಲೇ ವರ್ಷಕ್ಕೊಮ್ಮೆ ಊರಿನ ನಾಯಿಗಳಿಗೆಲ್ಲ ಚುಚ್ಚುಮದ್ದು ಹಾಕಿಸೋಣ ಎಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಕೇಳುವವನಿದ್ದೇನೆ. ನೀವೂ ದನಿಗೂಡಿಸಬೇಕು.

ಈಗ ನಮ್ಮಲ್ಲಿರುವ ಹೆಣ್ಣುನಾಯಿ ಕೊಟ್ಟಿಗೆಯ ಹುಲ್ಲಿನ ಮೇಲೆ ನಾಲ್ಕು ಮರಿ ಹಾಕಿದೆ. ಇನ್ನೂ ಕಣ್ಣು ಬಿಟ್ಟಿಲ್ಲ. ಬೇಕಾದವರು ಒಂದೂವರೆ ತಿಂಗಳು ಬಿಟ್ಟು ಬನ್ನಿ. ದುಡ್ಡು ಬೇಡ. ಸರಪಳಿ ಮಾತ್ರ ತರಬೇಡಿ.