ಒಂದೇ ಆಲೂಗೆಡ್ಡೆ, ಎರಡು ರೇಟು: ಬಾರಾನಗರದಿಂದ ಹಾಸನಕ್ಕೆ ಒಂದು ಫೋನ್ ಕಾಲ್

ನಾನು ಹಾಸನದ ಕಡೆಯವನು. ಆರು ವರ್ಷದಿಂದ ಕೋಲ್ಕತ್ತಾದ ಬಾರಾನಗರದಲ್ಲಿದ್ದೀನಿ, ಕೆಲಸ ಸೆಕ್ಟರ್ ಫೈವ್‌ನಲ್ಲಿ. ಇವತ್ತು ಕೋಡ್ ಬಗ್ಗೆ ಅಲ್ಲ, ಆಲೂಗೆಡ್ಡೆ ಬಗ್ಗೆ ಮಾತಾಡ್ತೀನಿ.

ಇಲ್ಲಿ ಆಲೂ ಕೇಳಿದ್ರೆ ಅಂಗಡಿಯವರು "ಜ್ಯೋತಿನಾ, ಚಂದ್ರಮುಖಿನಾ?" ಅಂತಾರೆ. ಎರಡೂ ತಳಿಯ ಹೆಸರು, ಚಂದ್ರಮುಖಿಗೆ ರೇಟು ಜಾಸ್ತಿ. ಒಂದು ಸೆಪ್ಟೆಂಬರ್ ಭಾನುವಾರ, ಮಾರ್ಚಿಗಿಂತ ಇಷ್ಟು ಏರಿದೆಯಲ್ಲ ಯಾಕೆ ಅಂದೆ. "ಹಿಮ್‌ಘರ್ ಮಾಲು, ದಾದಾ" ಅಂದ್ರು. ಹಿಮ್‌ಘರ್ ಅಂದ್ರೆ ಕೋಲ್ಡ್ ಸ್ಟೋರೇಜ್. ಅದೇ ಸಂಜೆ ಊರಿಂದ ಅಪ್ಪನ ಫೋನ್: "ಮಂಡೀಲಿ ರೇಟ್ ಬಿದ್ದೋಯ್ತು ಕಣೋ, ಕಿತ್ತ ಕೂಲಿನೂ ಹುಟ್ಟಲ್ಲ." ಒಂದೇ ವಾರ, ಒಂದೇ ಬೆಳೆ. ಕೊಳ್ಳುವಾಗ ನಾನು ಸೋತೆ, ಮಾರುವಾಗ ಅಪ್ಪ ಸೋತ್ರು. "ಇಟ್ಕೊಳ್ಳಿ ಅಪ್ಪ, ಆಮೇಲೆ ಮಾರೋಣ" ಅಂದೆ. ಅವರು ನಕ್ಕರು. ಆ ನಗು ಅರ್ಥ ಆಗೋಕೆ ನನಗೆ ಸ್ವಲ್ಪ ಕಾಲ ಬೇಕಾಯ್ತು.

ಮೊದಲು ಬಂಗಾಳದ ಲೆಕ್ಕ ನೋಡೋಣ. ಹೂಗ್ಲಿ, ಪೂರ್ವ ಬರ್ಧಮಾನ್, ಬಾಂಕುರಾ ಕಡೆ ಚಳಿಗಾಲದಲ್ಲಿ ಬೆಳೆದ ಆಲೂ ಫೆಬ್ರವರಿ-ಮಾರ್ಚ್‌ನಲ್ಲಿ ಕೈಗೆ ಬರುತ್ತೆ. ವರ್ಷದ ಊಟ ಕೆಲವೇ ವಾರದಲ್ಲಿ ಬಂದು ಬೀಳುತ್ತೆ. ಒಣ ಹವೆಯಲ್ಲಿ ಕಿತ್ತ ಗೆಡ್ಡೆ, ಸಿಪ್ಪೆ ಗಟ್ಟಿ. 50 ಕಿಲೋ ಮೂಟೆ ಕಟ್ಟಿ 2ರಿಂದ 4 ಡಿಗ್ರಿ ಚಳಿಯಲ್ಲಿ ಇಟ್ಟರೆ ಮೊಳಕೆ ಬರಲ್ಲ. ಬೇಸಿಗೆಯಿಂದ ನವೆಂಬರ್‌ವರೆಗೆ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತೆ. ಅಷ್ಟು ಚಳಿಯಲ್ಲಿ ಪಿಷ್ಟ ಸಕ್ಕರೆಯಾಗೋದ್ರಿಂದ ಒಂಚೂರು ಸಿಹಿ ಇರುತ್ತೆ. ಅದಕ್ಕೇ ಚಿಪ್ಸ್ ಮಾಡೋರು ಇನ್ನೂ ಬೆಚ್ಚಗಿನ ಕೋಣೆಯಲ್ಲಿ ಇಡ್ತಾರೆ.

ಈಗ ಬೆಲೆ. ಉದಾಹರಣೆಗೆ, ಮಾರ್ಚಿನಲ್ಲಿ ಕಿಲೋಗೆ 12 ರೂಪಾಯಿ ಅಂದ್ಕೊಳ್ಳಿ. ಬಾಡಿಗೆ, ಗೋಣಿ, ಹಮಾಲಿ, ಆರು ತಿಂಗಳ ಬಡ್ಡಿ, ಕೊಳೆತದ್ದು, ತೂಕ ಇಳಿದದ್ದು ಎಲ್ಲಾ ಸೇರಿ 5 ರೂಪಾಯಿ ಅಂದ್ಕೊಳ್ಳಿ. ಸೆಪ್ಟೆಂಬರ್‌ನಲ್ಲಿ 17 ಆದರೆ ಅದು ಮೋಸ ಅಲ್ಲ, ಕಾಯ್ದ ಖರ್ಚು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಗೋದಾಮು ಒಂದು ಬಫರ್. ಸುಗ್ಗಿಯಲ್ಲಿ ಮಾಲನ್ನ ಒಳಗೆ ಎಳ್ಕೊಂಡು ರೈತನ ರೇಟು ಪಾತಾಳಕ್ಕೆ ಇಳಿಯದಂತೆ ತಡೆಯುತ್ತೆ. ಕೊರತೆ ಬಂದಾಗ ಹೊರಗೆ ಬಿಟ್ಟು ಕೊಳ್ಳುವವರ ರೇಟು ಹಿಡಿಯುತ್ತೆ. ಸಂಗ್ರಹದ ಖರ್ಚಿಗಿಂತ ತುಂಬಾ ಮೇಲೆ ಹೋದರೆ ಮಾತ್ರ ಪ್ರಶ್ನೆ ಕೇಳಬೇಕು: ಬೆಳೆ ಕಮ್ಮಿಯಾ, ಅಥವಾ ಯಾರಾದರೂ ಹಿಡಿದಿಟ್ಟಿದ್ದಾರಾ?

ಆದರೆ ಆ 5 ರೂಪಾಯಿಯ ಆಚೆಗಿನ ಲಾಭ ಯಾರದು? ಮೂಟೆ ಇಟ್ಟವರಿಗೆ ರಸೀದಿ ಕೊಡ್ತಾರೆ, ಇಲ್ಲಿ ಅದನ್ನ ಆಲೂ ಬಾಂಡ್ ಅಂತಾರೆ. ಅದು ಕೈಯಿಂದ ಕೈಗೆ ಮಾರಾಟ ಆಗುತ್ತೆ. ಸಾಲ ಇರೋ ರೈತ ಹೊಲದಲ್ಲೇ ಮಾರಿಬಿಟ್ಟಿರ್ತಾನೆ. ಸೆಪ್ಟೆಂಬರ್‌ನ ಏರಿಕೆ ಬಾಂಡ್ ಇದ್ದವರಿಗೆ. ಅವರಿಗೂ ಗ್ಯಾರಂಟಿ ಇಲ್ಲ. ಬಂಪರ್ ಬೆಳೆ ಬಂದ ವರ್ಷ ನವೆಂಬರ್ ಹೊತ್ತಿಗೆ ರೇಟು ಬಾಡಿಗೆಗೂ ಸಾಲದೆ, ಮೂಟೆ ಅಲ್ಲೇ ಬಿಟ್ಟು ಹೋದವರಿದ್ದಾರೆ. ಸರ್ಕಾರದ ಕೈಯೂ ಇದೆ. 2024ರಲ್ಲಿ ಪಶ್ಚಿಮ ಬಂಗಾಳ ಹೊರ ರಾಜ್ಯಕ್ಕೆ ಆಲೂ ಹೋಗೋದನ್ನ ತಡೆದಾಗ ಒಡಿಶಾದ ಅಡುಗೆಮನೆಗೆ ಬಿಸಿ ತಟ್ಟಿತು.

ಹಾಸನದಲ್ಲಿ ಎಲ್ಲಾ ಉಲ್ಟಾ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತೆ. ನಮ್ಮ ಕಡೆ ಕೋಲ್ಡ್ ಸ್ಟೋರೇಜ್ ಹೆಚ್ಚಾಗಿ ಆ ಬೀಜಕ್ಕೇ. ಮುಂಗಾರಿಗೆ ನೆಟ್ಟು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೀಳ್ತೀವಿ, ಅದೂ ಮಳೆ ನಡುವೆ. ಕೆಸರು ಮೆತ್ತಿದ ಗೆಡ್ಡೆ, ಎಳೇ ಸಿಪ್ಪೆ, ಮೇಲೆ ಅಂಗಮಾರಿ ರೋಗ. "ಗೋಣೀಲೇ ಕೊಳೆಯುತ್ತೆ ಮಗ. ಬೀಜದ ಸಾಲ ಕೊಟ್ಟೋನು ಕಾಯ್ತಾನಾ?" ಅಪ್ಪ ನಕ್ಕಿದ್ದು ಅದಕ್ಕೆ. ಅವರ ಹತ್ತಿರ ಇಲ್ಲದ್ದು ಗೋದಾಮು ಮಾತ್ರ ಅಲ್ಲ, ಕಾಯುವ ತಾಕತ್ತು.

ನಮ್ಮ ತಾತಂದಿರಿಗೆ ಅದಿತ್ತು. ರಾಗಿಯನ್ನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ್ರೆ ವರ್ಷಗಟ್ಟಲೆ ಕೆಡ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಅದೇ ಅನ್ನ.

ದಿನಾ ಬಿ.ಟಿ. ರೋಡಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ದಾಟಿ ಹೋಗ್ತೀನಿ. 1931ರಲ್ಲಿ ಮಹಲನೋಬಿಸ್ ಕಟ್ಟಿದ್ದು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ದಶಕಗಳ ಕಾಲ ದುಡಿದ ಜಾಗ. 1943ರ ಬಂಗಾಳ ಕ್ಷಾಮ ಏನೇನು ಉಳಿಸಿ ಹೋಯ್ತು ಅಂತ ಈ ಸಂಸ್ಥೆ ಆಮೇಲೆ ಹಳ್ಳಿ ಹಳ್ಳಿ ಸುತ್ತಿ ಲೆಕ್ಕ ಹಾಕಿತ್ತು. ಗೋದಾಮಿನಲ್ಲಿ ಅಕ್ಕಿ ಇರೋದೂ ತಟ್ಟೆಗೆ ಬರೋದೂ ಬೇರೆ ಬೇರೆ ಅನ್ನೋದನ್ನ ಈ ಊರು ಬಹಳ ದುಬಾರಿ ಕೊಟ್ಟು ಕಲಿತಿದೆ.

ನಾನು ಮಾಡಿದ್ದು ಸಣ್ಣದು. ಈಗ ಬಿತ್ತನೆಗೆ ಮೊದಲೇ ಬೀಜದ ದುಡ್ಡು ಕಳಿಸ್ತೀನಿ, ಅಪ್ಪ ಯಾರ ಹತ್ತಿರವೂ ಮುಂಗಡ ತಗೊಳ್ಳಲ್ಲ. ಆಲೂ ಈಗಲೂ ಕಿತ್ತ ವಾರವೇ ಹೋಗುತ್ತೆ, ಅದಕ್ಕೆ ಬೇರೆ ದಾರಿ ಇಲ್ಲ. ರಾಗಿ ಮಾತ್ರ ಐದು ತಿಂಗಳು ಮನೆಯಲ್ಲೇ ಇಟ್ವಿ. ಮನೇಲಿ ಜಾಗ ಇಲ್ಲದವರಿಗೆ ನೋಂದಾಯಿತ ಗೋದಾಮಿನ ರಸೀದಿ ಮೇಲೆ ಬ್ಯಾಂಕ್ ಸಾಲ ಸಿಗುತ್ತೆ, 2007ರ ಕಾನೂನು ಇದೆ. ನಮಗೆ ಬಂದ ಲಾಭ ದೊಡ್ಡದೇನಲ್ಲ. ಆದ್ರೆ ಅಪ್ಪ ಅಂದ್ರು: "ಈ ಸಲ ರೇಟು ನಾನು ಹೇಳ್ದೆ ಕಣೋ."

ಈ ವಾರ ಊರಿಗೆ ಫೋನ್ ಮಾಡಿದಾಗ ನೀವೂ ಒಂದು ಮಾತು ಕೇಳಿ: ಬೆಳೆ ಯಾವ ತಿಂಗಳು ಮಾರ್ತೀರಿ, ಆಗಲೇ ಯಾಕೆ? ಉತ್ತರದಲ್ಲಿ ಸಾಲ ಅನ್ನೋ ಪದ ಬಂದರೆ, ನಿಮ್ಮ ಕೈಲಿ ಏನಾದ್ರೂ ಆಗುತ್ತಾ ನೋಡಿ.