ಆಟಿಸಂ ಇರುವವರಿಗೂ ಕಾಯಕದ ಹಕ್ಕು



ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವ ವಯಸ್ಕರು ಕೆಲಸದಲ್ಲಿ ನೆಲೆಯೂರುವ ತನಕ ಅವರ ಜೊತೆ ನಿಲ್ಲುವುದು ನನ್ನ ಕಾಯಕ. ಎಷ್ಟೋ ಮನೆಯವರು ಇವರನ್ನು ಮೊದಲು ಜ್ಯೋತಿಷಿಯ ಬಳಿ ಕರೆದೊಯ್ದಿರುತ್ತಾರೆ. ಬಸವಣ್ಣನವರ ಭಾವಚಿತ್ರವಿರುವ ಮನೆಯಲ್ಲೂ ಗ್ರಹದೋಷದ ಮಾತು! ಇದು ಶಾಪವಲ್ಲ, ಇವರ ಮಿದುಳು ಬೆಳೆದ ಬಗೆಯೇ ಬೇರೆ.

ಕಾಯಕದಲ್ಲಿ ಮೇಲು ಕೀಳಿಲ್ಲ ಎನ್ನುತ್ತೇವೆ. ಸಂದರ್ಶನದಲ್ಲಿ ಮುಖ ನೋಡಿ ಮಾತಾಡದವರನ್ನು ಮಾತ್ರ ಹೊರಗಿಡುತ್ತೇವೆ. ಲೆಕ್ಕದ ಪುಸ್ತಕದಲ್ಲಿ ಯಾರಿಗೂ ಕಾಣದ ತಪ್ಪು ಹಿಡಿಯುವವನು, ಎಲ್ಲರ ಜೊತೆ ಬೆರೆಯುವುದಿಲ್ಲ ಎಂಬ ಕಾರಣಕ್ಕೆ ಕೆಲಸ ಕಳೆದುಕೊಳ್ಳುತ್ತಾನೆ. ಅವನಿಗೆ ಬೇಕಾದದ್ದು ದೊಡ್ಡದೇನಲ್ಲ. ಹೇಳುವುದನ್ನು ಬರೆದು ಕೊಡಿ. ಗದ್ದಲವಿಲ್ಲದ ಕಡೆ ಕೂರಿಸಿ. ಕೆಲಸದ ಕ್ರಮ ಬದಲಾಗುವುದಾದರೆ ಮೊದಲೇ ತಿಳಿಸಿ. ‘ಸ್ವಲ್ಪ ಬೇಗ ಮುಗಿಸಪ್ಪಾ’ ಎನ್ನಬೇಡಿ, ‘ನಾಲ್ಕು ಗಂಟೆಗೆ ಕೊಡು’ ಎನ್ನಿ. (ಇದು ಉಳಿದ ನೌಕರರಿಗೂ ಒಳ್ಳೆಯದೇ.)

ಇದಕ್ಕೆ ಕಾನೂನಿನ ಬಲವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕೂ ಇದೆ. ಸರ್ಕಾರಿ ಕಚೇರಿಗಳು ಇವರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು; ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಉದ್ಯೋಗ ಮೀಸಲಾತಿಗೆ ಕನಿಷ್ಠ ಶೇ. 40ರ ಪ್ರಮಾಣಪತ್ರ ಬೇಕು. ಎಡಿಎಚ್‌ಡಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಜಾಗವಿಲ್ಲ, ಅದೊಂದು ಕೊರತೆಯೇ.

ನಮ್ಮ ಮಠಗಳು ಶಾಲೆ, ಕಾಲೇಜು, ಪ್ರಸಾದ ನಿಲಯಗಳನ್ನು ನಡೆಸುತ್ತಿವೆ. ಅಲ್ಲಿ ಗುಮಾಸ್ತರು ಬೇಕು, ಗ್ರಂಥಾಲಯಕ್ಕೆ ಜನ ಬೇಕು, ಉಗ್ರಾಣ ನೋಡಿಕೊಳ್ಳುವವರು ಬೇಕು. ಮುಂದಿನ ನೇಮಕಾತಿಯಲ್ಲಿ ಸಂದರ್ಶನ ಬಿಟ್ಟು, ಒಂದು ದಿನ ಕೆಲಸ ಮಾಡಿಸಿ ನೋಡಿ. ಆ ದಿನದ ಕೂಲಿಯನ್ನೂ ಕೊಡಿ. ಅವರ ಜೊತೆ ನಾನೂ ಬರುತ್ತೇನೆ.